ಮೌಸ್ ನನ್ನ ಕೈಯಲ್ಲಿದ್ದಾಗ

ಗಂಡನ ಬಲಗೈ ನಡುಗಲು ಶುರುವಾದ ಮೇಲೆ ಅಂಗಡಿಯ ಮೌಸ್ ನನ್ನ ಪಾಲಿಗೆ ಬಂತು. ಕಬಕದಲ್ಲಿ ನಮ್ಮದು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಕಸುಬು. ಮುಂದೆ ಅಂಗಡಿ, ಹಿಂದೆ ಮನೆ. ಬುಕಿಂಗ್ ಎಲ್ಲ ಒಂದು ವೆಬ್ ಪೇಜಿನಲ್ಲಿ. ಅವರು ಫೋನಿನಲ್ಲಿ ಮಾತಾಡುತ್ತಲೇ ಎಡಗೈಯಲ್ಲಿ ಒಂದೊಂದೇ ಅಕ್ಷರ ಟೈಪ್ ಮಾಡುತ್ತಿದ್ದರು. ಆದರೆ ಬಟನ್ ಒತ್ತಲು ಮೌಸ್ ಹಿಡಿದರೆ ಬಾಣದ ಗುರುತು ಪರದೆಯ ಮೇಲೆ ಎಲ್ಲೆಲ್ಲೋ ಓಡುತ್ತಿತ್ತು. ಹಾಗಾಗಿ ನಾನು ಪಕ್ಕದ ಕುರ್ಚಿಯಲ್ಲಿ. ಅವರು "ಒತ್ತು" ಎನ್ನುವುದು, ನಾನು ಒತ್ತುವುದು. ಮದುವೆಯಾದ ಹೊಸತರಲ್ಲೂ ನಾವು ಅಷ್ಟು ಹೊತ್ತು ಮೊಣಕೈಗೆ ಮೊಣಕೈ ತಾಗಿಸಿ ಕೂತದ್ದಿಲ್ಲ. ಕಾಯಿಲೆಗೆ ಕೃತಜ್ಞಳಾಗಿದ್ದೆ ಎಂದರೆ ಯಾರಾದರೂ ಬೈದಾರು, ಆದರೂ ಇದ್ದೆ.

ಆ ಪೇಜನ್ನು ಮಾಡಿಕೊಟ್ಟವಳು ಸಂಪಾಜೆಯವಳು, ನನ್ನದೇ ಪ್ರಾಯ. ಒಂದು ದಿನ ಏನೋ ಸರಿಮಾಡಲು ಬಂದವಳು ನಾವಿಬ್ಬರೂ ಒಂದು ಬುಕಿಂಗ್ ಮುಗಿಸುವುದನ್ನು ನೋಡಿದಳು. ಈ ಪೇಜಿಗೆ ಮೌಸೇ ಬೇಡ, ಎಲ್ಲವನ್ನೂ ಕೀಬೋರ್ಡಿನಲ್ಲೇ ಮಾಡಬಹುದು ಎಂದಳು. ಹೇಳಿದ್ದು ನನಗಲ್ಲ, ಅವರಿಗೆ. ನಾನು ಚಹಾ ತರಲು ಎದ್ದೆ. ಬರುವಷ್ಟರಲ್ಲಿ ನನ್ನ ಕುರ್ಚಿಯಲ್ಲಿ ಅವಳಿದ್ದಳು.

ಪೇಜಿನ ಹಿಂದಿರುವ ಎಚ್‌ಟಿಎಂಎಲ್ ಎಂಬ ಕೋಡ್ ತೆರೆದು, ಪ್ರತಿ ಬಟನ್ನಿನ ಸಾಲಿನಲ್ಲಿ ಆ್ಯಕ್ಸೆಸ್‌ಕೀ ಎಂದು ಬರೆದು, ಮುಂದೆ ಒಂದು ಅಕ್ಷರ ಸೇರಿಸುತ್ತ ಹೋದಳು. ಆಲ್ಟ್ ಕೀಯ ಜೊತೆ ಆ ಅಕ್ಷರ ಒತ್ತಿದರೆ ಬಟನ್ ಒತ್ತಿದ ಹಾಗೆಯೇ. ಇಷ್ಟೇ. ಇಷ್ಟೇ ಎಂಬುದೇ ನನ್ನ ಹೊಟ್ಟೆ ಉರಿಸಿತು. ಯಾವ ಬಟನ್ನಿಗೆ ಯಾವ ಅಕ್ಷರ ಎಂದು ಇಬ್ಬರೂ ಚರ್ಚೆಗೆ ಕೂತರು. ಉಳಿಸಲು ಎಸ್, ರದ್ದಿಗೆ ಎಕ್ಸ್. ಎಫ್ ಬೇಡ, ಅದನ್ನು ಬ್ರೌಸರ್ ತನ್ನ ಮೆನುವಿಗೆ ಇಟ್ಟುಕೊಂಡಿದೆ ಎಂದಳು. ಮಗುವಿಗೆ ಹೆಸರು ಹುಡುಕುವವರ ಹಾಗೆ ನಗುತ್ತಿದ್ದರು. ಚಹಾ ಆರಿತು. ಬಿಸಿ ಮಾಡಿ ಕೊಡಲು ನನಗೆ ಮನಸ್ಸಾಗಲಿಲ್ಲ.

ಹೋಗುವಾಗ ಅವಳು ನನ್ನ ಕೈ ಹಿಡಿದು, "ಇನ್ನು ನಿಮಗೆ ಆರಾಮ ಅಕ್ಕ, ಇಡೀ ದಿನ ಇಲ್ಲಿ ಕೂತ್ಕೊಳ್ಬೇಕು ಅಂತ ಇಲ್ಲ" ಎಂದಳು. ಅವಳಲ್ಲಿ ಕಪಟ ಇರಲಿಲ್ಲ. ಇದ್ದಿದ್ದರೆ ದ್ವೇಷಿಸಲು ಸುಲಭವಾಗುತ್ತಿತ್ತು.

ಆಮೇಲೆ ನಾನು ಆರಾಮವಾಗಿದ್ದೆ. ಅಂದರೆ ಒಗೆದ ಬಟ್ಟೆಯನ್ನೇ ಮತ್ತೆ ಮಡಚುತ್ತ, ಅಂಗಡಿಯ ಕಡೆಗೆ ಕಿವಿ ಕೊಟ್ಟು ಕೂರುತ್ತಿದ್ದೆ. ಅಲ್ಲಿ ನನ್ನ ಕುರ್ಚಿಯಲ್ಲಿ ಮೇಜುಬಟ್ಟೆಗಳ ಕಟ್ಟು ಬಂದು ಕೂತಿತ್ತು. ಒಂದು ಬೆಳಿಗ್ಗೆ ಇಚಿಲಂಪಾಡಿಯಿಂದ ಗೃಹಪ್ರವೇಶದ ಬುಕಿಂಗ್ ಬಂತು. ಇವರು ಅಂದು ಹೆಸರು, ಊರು ಎಲ್ಲ ಇಂಗ್ಲಿಷಿನ ಬದಲು ಕನ್ನಡದಲ್ಲಿ ಟೈಪ್ ಮಾಡಿ ಆಲ್ಟ್, ಎಸ್ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು.

"ಸ್ವಲ್ಪ ಬಾ ಮಾರಾಯ್ತಿ, ಇದೊಂದು ಒತ್ತಿ ಹೋಗು."

ಸೆರಗಿಗೆ ಕೈ ಒರೆಸಿಕೊಂಡು ಓಡಿದೆ. ಮೇಜುಬಟ್ಟೆಯ ಕಟ್ಟನ್ನು ನೆಲಕ್ಕೆ ಹಾಕಿ ಕೂತೆ. ಅವಳ ಲೆಕ್ಕ ತಪ್ಪಿತಲ್ಲ ಎಂದು ಒಳಗೊಳಗೇ ಹಿಗ್ಗಿದೆ. ಇವರಿಗಿಂತ ಹೆಚ್ಚಾಗಿ ನಾನೇ ಅವಳನ್ನು ಸಮರ್ಥಿಸಿದೆ, ಪಾಪ ಅವಳಿಗೂ ಎಲ್ಲ ಗೊತ್ತಿರಬೇಕೆಂದು ಉಂಟಾ ಎಂದೆ. ಗೆದ್ದವರ ಔದಾರ್ಯ ಅದು.

ಸಂಜೆ ಇವರು ಅವಳಿಗೆ ಫೋನ್ ಮಾಡಿದರು. ಕೀಬೋರ್ಡ್ ಕನ್ನಡದಲ್ಲಿರುವಾಗ ಆ ಕೀಯಲ್ಲಿ ಇಂಗ್ಲಿಷ್ ಎಸ್ ಇರುವುದೇ ಇಲ್ಲ, ಅದಕ್ಕೇ ಪೇಜು ಮಾತು ಕೇಳಲಿಲ್ಲ ಎಂದು ಅವಳು ಕೂಡಲೇ ಕಂಡುಹಿಡಿದಳು. ಅಕ್ಷರಗಳ ಜಾಗದಲ್ಲಿ ಅಂಕಿ ಹಾಕಿದಳು. ಇವರ ಕೀಬೋರ್ಡಿನಲ್ಲಿ ಭಾಷೆ ಬದಲಾದರೂ ಅಂಕಿಗಳು ಬದಲಾಗುವುದಿಲ್ಲ, ಎಡಗೈಗೂ ಹತ್ತಿರ. ಬಸ್ಸು ಕೂಡ ಹತ್ತಲಿಲ್ಲ, ಸಂಪಾಜೆಯಲ್ಲಿ ಕೂತೇ ಮುಗಿಸಿದಳು. ಮೇಜುಬಟ್ಟೆಗಳನ್ನು ನಾನೇ ಎತ್ತಿ ಕುರ್ಚಿಗೆ ಹಾಕಿದೆ.

ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ ತೆಂಗಿನಕಾಯಿ ತುರಿಯುತ್ತಿದ್ದೆ. ಅಂಗಡಿಯಲ್ಲಿ ಇವರು ಫೋನಿನಲ್ಲಿದ್ದರು, ಪಾತ್ರೆ ಎಷ್ಟು, ಕುರ್ಚಿ ಎಷ್ಟು ಎಂದು ಕೇಳುತ್ತಿದ್ದರು. ಆಮೇಲೆ ಸ್ಪಷ್ಟವಾಗಿ ಕೇಳಿಸಿತು.

"ಒತ್ತು."

ಕೈಯಲ್ಲಿ ತುರಿ ಮೆತ್ತಿಕೊಂಡೇ ಬಾಗಿಲಿಗೆ ಬಂದೆ. ಅವರು ಈ ಕಡೆ ತಿರುಗಲಿಲ್ಲ. ಆಲ್ಟ್ ಮೇಲೆ ಹೆಬ್ಬೆರಳು ಇಟ್ಟು, ಒಂದರ ಅಂಕಿಯನ್ನು ಒತ್ತಿದರು. ಆಯ್ತು, ಬುಕ್ ಆಯ್ತು ಎಂದು ಫೋನಿಗೆ ಹೇಳಿದರು. ಒತ್ತು ಎಂದು ಅವರು ಹೇಳಿಕೊಂಡದ್ದು ತಮ್ಮ ಎಡಗೈಗೆ.