ಖಾನಾಪುರದ ಶರಣಾರ್ಥಿ

ಪ್ರಾತಃಕಾಲದ ಲಿಂಗಪೂಜೆ ಮುಗಿಸಿ ಪಡಸಾಲೆಗೆ ಬಂದರೆ, ವಿಭೂತಿಯ ಪರಿಮಳದ ಮೇಲೆ ಅಗಸೆ ಎಣ್ಣೆಯ ವಾಸನೆ ಏರಿ ಕುಳಿತಿತ್ತು. ಮಗಳು ಗಿರಿಜಾ ತನ್ನ ಮರದ ಕತ್ತಿಗೆ ಎಣ್ಣೆ ಸವರುತ್ತಿದ್ದಳು. ಮಿತ್ರರೇ, ಕೆಲವು ವಾಸನೆಗಳಿಗೆ ಬಸ್ಸು ಬೇಕಾಗುವುದಿಲ್ಲ. ಶಿವಬಸವ ನಗರದ ಮನೆಯಲ್ಲಿದ್ದ ನನ್ನನ್ನು ಅದು ನೇರವಾಗಿ ಖಾನಾಪುರದ ತಗಡಿನ ಶೆಡ್ಡೊಂದಕ್ಕೆ ಒಯ್ದಿತು.

ಅಲ್ಲಿ ನಮ್ಮ ಸರ್ ಭಾನುವಾರಗಳಂದು ಜಪಾನಿನ ಕತ್ತಿವರಸೆ ಕಲಿಸುತ್ತಿದ್ದರು. ವೃತ್ತಿಯಿಂದ ಅವರು ಶಾಸನಪಂಡಿತರು. ಹತ್ತಿರದ ಹಲಸಿ ಊರಿನ ಶಾಸನಕಲ್ಲುಗಳ ಮುಂದೆ ಮೊಣಕಾಲೂರಿ, ಸವೆದ ಅಕ್ಷರಗಳನ್ನು ಬೆರಳಿನಿಂದ ಓದುತ್ತಿದ್ದವರು. ಅಧ್ಯಯನಕ್ಕೆಂದು ಜಪಾನಿಗೆ ಹೋಗಿ, ಅಲ್ಲಿನ ವೃದ್ಧ ಗುರುವೊಬ್ಬರಿಂದ ಈ ವಿದ್ಯೆಯನ್ನೂ ಕಲಿತು ಬಂದಿದ್ದರು. ಜ್ವರವಿದ್ದರೂ ಪಾಠ ತಪ್ಪಿಸಿದವರಲ್ಲ. ಮಕ್ಕಳು ಬಾರದ ದಿನ ಒಬ್ಬರೇ ಕತ್ತಿ ಬೀಸುತ್ತಿದ್ದರಂತೆ.

ಆಗಿನ್ನೂ ಚಿಕ್ಕ ಹುಡುಗಿಯಾಗಿದ್ದ ಗಿರಿಜಾ ತಾನೂ ಕಲಿಯುವೆನೆಂದು ಹಟ ಹಿಡಿದಾಗ, ನೋಡಿ ನಿರ್ಧರಿಸೋಣವೆಂದು ಕರೆದೊಯ್ದೆ. ಒಳಹೊಕ್ಕವರೆಲ್ಲ ಜಪಾನಿನ ಪದ್ಧತಿಯಂತೆ ಮೊದಲು ಎದುರಿನ ಬರಿಗೋಡೆಗೆ ತಲೆಬಾಗುವುದನ್ನು ಕಂಡದ್ದೇ, ಮಗಳ ಕೈ ಹಿಡಿದು ಹೊರಟುಬಿಟ್ಟೆ.

"ಯಾಕ್ರೀ ಮಾಸ್ತರ?" ಎಂದರು ಸರ್.

"ಕೊರಳಾಗ ಲಿಂಗ ಕಟ್ಟೇವ್ರಿ. ಗ್ವಾಡಿಗೆ ಹೆಂಗ ಬಾಗೋದು?"

ಗಿರಿಜಾಳ ಕಣ್ಣು ತುಂಬಿತ್ತು. ಸರ್ ಅವಳನ್ನೊಮ್ಮೆ ನೋಡಿ, "ನಿಮ್ಮೊಳಗ ಯಾರರ ಎದುರು ಬಂದ್ರ ಏನಂತೀರಿ?" ಎಂದು ಕೇಳಿದರು.

"ಶರಣಾರ್ಥಿ ಅಂತೀವ್ರಿ. ಅವರೊಳಗೂ ಲಿಂಗ ಐತಲ್ರೀ."

"ಹಂಗಾರ ಅಕಿ ಗ್ವಾಡಿಗೆ ಬಾಗೂದು ಬ್ಯಾಡ. ಎದುರು ನಿಂತವರಿಗೆ ಶರಣಾರ್ಥಿ ಅನ್ನಲಿ, ಆಮ್ಯಾಲ ಕತ್ತಿ ಎತ್ತಲಿ." ನಕ್ಕು ಮುಂದುವರಿಸಿದರು: "ನಮ್ಮ ಗುರುಗಳು ಕೇಳಿದ್ರ ನನ್ನ ಹೊರಗ ಹಾಕತಿದ್ರು. ಖರೇ, ಕಲಿಯಾಕ ಬಂದಾಕಿನ್ನ ನಾ ಹೆಂಗ ಹೊರಗ ಕಳಸಲಿ?"

ಹಿಡಿದಿದ್ದ ಮಗಳ ಕೈ ಬಿಟ್ಟು, ಬದಿಯ ಬೆಂಚಿನ ಮೇಲೆ ಕುಳಿತೆ. ಮುಂದಿನ ವಾರಗಳಲ್ಲಿ ಮರಾಠಿ ಮನೆಮಾತಿನ ಹುಡುಗರೂ ಆಕೆಗೆ ಶರಣಾರ್ಥಿ ಹೇಳಿಯೇ ಕತ್ತಿ ಬೀಸತೊಡಗಿದರು. ಬೆಂಚಿನ ಮೇಲೆ ಕುಳಿತ ನಾನು ಹೆದರಿ ಕಣ್ಣು ಮುಚ್ಚಿಕೊಂಡರೆ, "ಮಾಮಾ, ಅಂಜಬ್ಯಾಡ್ರಿ, ಕೈ ಮುಗದ ಹೊಡದೇನಿ" ಎಂದು ಒಬ್ಬ ಕೀಟಲೆ ಮಾಡುತ್ತಿದ್ದ.

ಸರ್ ಈಗಿಲ್ಲ. ಆ ಶೆಡ್ಡಿನ ಪಾಠ ಈಗ ಗಿರಿಜಾಳದು. ಇಂದೂ ಅವಳೊಡನೆ ಹೋಗಿ ನನ್ನ ಬೆಂಚು ಹಿಡಿದೆ. ಹೊಸದಾಗಿ ಬಂದ ಪುಟ್ಟ ಹುಡುಗಿಯೊಬ್ಬಳಿಗೆ ಜೋಡಿ ಸಿಕ್ಕಿರಲಿಲ್ಲ. ಅಳುಮುಖ ಮಾಡಿಕೊಂಡು ಬಾಗಿಲ ಕಡೆ ಸರಿಯುತ್ತಿದ್ದಳು. ಗಿರಿಜಾ ನನ್ನತ್ತ ನೋಡಿದಳು. ಇಷ್ಟು ವರ್ಷ ನಾನು ಬರಿಯ ನೋಡುಗನಾಗಿಯೇ ಉಳಿದಿದ್ದೆ. ಶಲ್ಯ ತೆಗೆದಿಟ್ಟು, ಮರದ ಕತ್ತಿಯೊಂದನ್ನು ಹಿಡಿದು ಆ ಮಗುವಿನೆದುರು ನಿಂತೆ. ಶರಣಾರ್ಥಿ ಎಂದು ಸೊಂಟ ಬಗ್ಗಿದಷ್ಟೂ ಬಾಗಿದೆ. ಅವಳೂ ಬಾಗಿದಳು.

"ಹೊಡೀಲೇನ್ರೀ, ಅಜ್ಜಾರ?"

"ಹೊಡಿ, ತಾಯಿ," ಎಂದೆ.