ಹಗ್ಗ ಎರಡು ಸಲ ಜಗ್ಗಿದ್ದು

ನಾನು ಅಮೆರಿಕದ ಟ್ರಾಯ್ ಊರಿನ ಕಡೆಯ ಒಂದು ಕಿರಾಣಿ ಅಂಗಡಿಯಲ್ಲಿ ಬಿಲ್ ಮಾಡುವವಳು. ಅಂಗಡಿಗೆ ಬರುವ ಆಂಟಿಯರು ಕೊತ್ತಂಬರಿ, ಮೆಂತ್ಯ ಚೀಲಕ್ಕೆ ಹಾಕಿಸಿಕೊಳ್ಳುತ್ತಲೇ ಸತ್ತ ಅತ್ತೆ ಕನಸಿನಲ್ಲಿ ಬಂದದ್ದು, ಖಾಲಿ ಕೋಣೆಯಲ್ಲಿ ಊದುಬತ್ತಿಯ ವಾಸನೆ ಬಂದದ್ದು ಹೇಳುತ್ತಿದ್ದರು. ನಾನು ಹೌದೇನ್ರಿ ಎಂದು ಮುಂದಿನ ಸಾಮಾನು ಕೈಗೆತ್ತಿಕೊಳ್ಳುತ್ತಿದ್ದೆ. ಅವರು ಸುಳ್ಳು ಹೇಳುತ್ತಾರೆಂದಲ್ಲ, ದುಃಖದಲ್ಲಿದ್ದವರಿಗೆ ಹಾಗೆಲ್ಲ ಅನ್ನಿಸುತ್ತದೆ ಎಂದುಕೊಂಡಿದ್ದೆ. ಇದನ್ನು ಓದಿ ನೀವೂ ನನ್ನ ಬಗ್ಗೆ ಹಾಗೇ ಅಂದುಕೊಳ್ಳಬಹುದು. ನನಗೆ ಬೇಸರವಿಲ್ಲ.

ನಮ್ಮವರು ಆಬರ್ನ್ ಹಿಲ್ಸ್ ಹತ್ತಿರ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬಾಗಲಕೋಟೆ ಕಡೆಯವರು. ಮಾಂಸ ಉಣ್ಣುವ ಮನೆತನವಾದರೂ ಬೇಟೆ ಕಂಡವರಲ್ಲ. ಕಾರ್ಖಾನೆಯಲ್ಲಿ ಅವರ ಜೊತೆ ಕೆಲಸ ಮಾಡುವ ಡೇಲ್ ಎಂಬಾತ ಪ್ರತಿ ವರ್ಷ ಜಿಂಕೆ ಮಾಂಸ ತಂದುಕೊಡುತ್ತಿದ್ದ. ನಾನು ಅದಕ್ಕೆ ಮಸಾಲೆ ಅರೆದು ಹಾಕಿ, ಅರ್ಧ ಡೇಲ್‌ನ ಮನೆಗೇ ವಾಪಸು ಕಳಿಸುತ್ತಿದ್ದೆ. ಹಾಗೆ ಶುರುವಾದದ್ದು, ಒಂದು ಬೇಸಿಗೆಯಲ್ಲಿ ತಾನೂ ಬೇಟೆ ಕಲಿಯುತ್ತೇನೆ ಎಂದು ಇವರು ಹೇಳುವಲ್ಲಿಗೆ ಬಂತು.

ಬೇಟೆಗೆ ಕಾದು ಕೂರಲು ಮರದ ಮೇಲೆ ಕಟ್ಟುವ ಅಟ್ಟಣಿಗೆ, ಜಾಗದ ಬಾಡಿಗೆ ಎಲ್ಲ ನಮ್ಮ ಕೈಗೆಟಕುವುದಿಲ್ಲ ಎಂದಾಗ ಡೇಲ್ ಸ್ಯಾಡಲ್ ತೋರಿಸಿದ. ಇದು ಕುದುರೆಯ ಜೀನಲ್ಲ. ಸೊಂಟಕ್ಕೂ ತೊಡೆಗೂ ಕಟ್ಟಿಕೊಳ್ಳುವ ಗಟ್ಟಿ ಬಟ್ಟೆಯ ಪಟ್ಟಿ. ಕಾಂಡದ ಸುತ್ತ ಒಂದು ಹಗ್ಗ ಬಿಗಿದು, ಈ ಪಟ್ಟಿಯನ್ನು ಅದಕ್ಕೆ ಕೊಂಡಿಯಿಂದ ಸೇರಿಸಿ, ಮರಕ್ಕೆ ಮುಖ ಮಾಡಿ ಹಿಂದಕ್ಕೆ ಒರಗಿ ಜೋತುಬೀಳಬೇಕು. ನಮ್ಮವರು ಯಾರೋ ಬಳಸಿ ಬಿಟ್ಟ ಸ್ಯಾಡಲ್ ತಂದರು. ಕಾಂಡಕ್ಕೆ ಬಿಗಿದು ಮರ ಹತ್ತುವ ಮೆಟ್ಟಿಲುಗಳನ್ನು ಡೇಲ್ ತನ್ನ ಹಳೆಯವುಗಳಲ್ಲಿ ಆರಿಸಿ ಕೊಟ್ಟ. ಹಗ್ಗಕ್ಕೆ ಮಾತ್ರ ಉಳಿತಾಯ ಮಾಡಬೇಡ, ಹೊಸದೇ ತೆಗೆದುಕೋ ಎಂದು ಅವನೇ ಕಟ್ಟುನಿಟ್ಟಾಗಿ ಹೇಳಿದ್ದ.

ಹಿತ್ತಲಿನ ಮೇಪಲ್ ಮರದಲ್ಲಿ, ನೆಲದಿಂದ ಮೊಳದಷ್ಟು ಮೇಲೆ, ದಿನಾ ಸಂಜೆ ಅಭ್ಯಾಸ ನಡೆಯುತ್ತಿತ್ತು. ಪಕ್ಕದ ಮನೆಯವರು ಬೇಲಿಯಾಚೆ ನಿಂತು ನೋಡುತ್ತಿದ್ದರು.

"ಜೋಳಗಿಯೊಳಗ ಕೂಸು ಕುಂತಂಗ ಕಾಣಾಕತ್ತೀರಿ," ಎಂದೆ ಒಂದು ದಿನ.

"ಕೂಸು ಅತ್ತರ ತೂಗಾಕ ನೀನು ಅದಿಯಲ್ಲ," ಎಂದರು.

ಒಂದು ಅಭ್ಯಾಸ ಮಾತ್ರ ಅವರು ಎಂದೂ ಬಿಡಲಿಲ್ಲ. ಕೊಂಡಿ ಹಾಕಿದ ಮೇಲೆ, ಮೈಭಾರ ಬಿಡುವ ಮುಂಚೆ, ಹಗ್ಗವನ್ನು ಎರಡು ಸಲ ಜಗ್ಗಿ ನೋಡುವುದು. ಡೇಲ್ ಕಲಿಸಿದ್ದು ಒಂದು ಸಲ ಜಗ್ಗಲು. ಇವರು ಎರಡು ಸಲ, ನಡುವೆ ಉಸಿರು ಹಿಡಿದಷ್ಟು ಹೊತ್ತು ಬಿಟ್ಟು. ಮಗಳು ಪಲ್ಲವಿ ಅದನ್ನೇ ಅಣಕಿಸಿ ಫ್ರಿಜ್ಜಿನ ಬಾಗಿಲನ್ನೂ ಎರಡು ಸಲ ಜಗ್ಗಿ ತೆಗೆಯುತ್ತಿದ್ದಳು.

ಡೇಲ್ ಮತ್ತು ಅವರು ಲಪೀರ್ ಕಡೆಯ ಸರಕಾರಿ ಕಾಡಿನಲ್ಲಿ ಒಂದು ಓಕ್ ಮರ ನೋಡಿಟ್ಟು ಬಂದರು. ಅಕ್ಟೋಬರಿನಲ್ಲಿ ಬಿಲ್ಲಿನ ಬೇಟೆ ಶುರುವಾಗುವ ಮೊದಲೇ ನಮ್ಮವರು ಕೆಲಸದಲ್ಲಿದ್ದಾಗ ಕುಸಿದು ಬಿದ್ದರು. ಮೆದುಳಿನಲ್ಲಿ ರಕ್ತಸ್ರಾವ. ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟರು, ಮಾತು ಬರಲಿಲ್ಲ. ನನ್ನ ಕೈ ಹಿಡಿದು ಎರಡು ಸಲ ಒತ್ತಿದರು. ನೀರು ಬೇಕೇ ಎಂದೆ. ಎರಡು ಸಲ ಒತ್ತಿದರು. ಎಲ್ಲಿ ನೋವು ಎಂದೆ, ಪಲ್ಲವಿಯನ್ನು ಕರೆಯಲೇ ಎಂದೆ, ಊರಿಗೆ ಫೋನ್ ಹಚ್ಚಲೇ ಎಂದೆ. ಏನು ಕೇಳಿದರೂ ಅದೇ. ಬೇಕೆನ್ನುವುದಕ್ಕೂ ಬೇಡವೆನ್ನುವುದಕ್ಕೂ ಅದರಲ್ಲಿ ವ್ಯತ್ಯಾಸ ಗೊತ್ತಾಗಲಿಲ್ಲ. ನರ್ಸ್ ಅದು ತಾನಾಗಿ ಆಗುವ ಚಲನೆಯೂ ಇರಬಹುದು ಎಂದಳು. ಆದರೆ ಅವರ ಕಣ್ಣು ನನ್ನನ್ನೇ ನೋಡುತ್ತಿತ್ತು. ಮರುದಿನ ಕೈಯ ಹಿಡಿತವೂ ಹೋಯಿತು. ಆಮೇಲೆ ಅವರೂ ಹೋದರು.

ದಿನಕಾರ್ಯಕ್ಕೆ ನಮ್ಮವರ ಅಣ್ಣ, ನನ್ನ ಬಾವನವರು, ಶಿಕಾಗೋ ಪಕ್ಕದ ಓಕ್ ಬ್ರೂಕ್‌ನ ಮನೆಯಿಂದ ಕುಟುಂಬದೊಂದಿಗೆ ಬಂದರು. ಕೆರೆಯ ಪಕ್ಕದ ಪಾರ್ಕಿನಲ್ಲಿ ನಮ್ಮವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ ಎಡೆ ಇಟ್ಟೆವು. ನಮ್ಮಲ್ಲಿ ಕಾಗೆ ಮುಟ್ಟಬೇಕು. ಮುಟ್ಟದಿದ್ದರೆ ಸತ್ತವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು, ಹಿರಿಯರು ಒಂದೊಂದೇ ಮಾತು ಕೊಡುತ್ತ ಹೋಗುತ್ತಾರೆ. ಸರಿಯಾದ ಮಾತು ಬಂದಾಗ ಕಾಗೆ ಬಂದು ಕೊಕ್ಕು ಹಾಕುತ್ತದೆಂದು ನಂಬಿಕೆ. ಅಂದು ದೀಪದ ಕಂಬದ ಮೇಲೆ ಒಂದು ಕಾಗೆ ಕೂತಿತ್ತು, ಇಳಿಯಲಿಲ್ಲ. ಮಗಳನ್ನು ಓದಿಸುತ್ತೇವೆ ಎಂದರು ಬಾವ. ಊರಲ್ಲಿರುವ ಅವ್ವನನ್ನು ನೋಡಿಕೊಳ್ಳುತ್ತೇವೆ ಎಂದರು. ನಾನೂ ತೋಚಿದ್ದೆಲ್ಲ ಹೇಳಿದೆ. ಕಡೆಗೆ ಅದು ಹಾರಿಹೋಯಿತು. ನನ್ನ ಮುಖ ನೋಡಲಾಗದೆ ಬಾವ, "ಇಲ್ಲಿ ಕಾಗಿಗೆ ನಮ್ಮ ಪದ್ಧತಿ ಏನ್ ಗೊತ್ತಿರ್ತೇತಿ, ಬಿಡವ್ವ," ಎಂದರು. ನಾನು ಆಗಲೂ ಕಾಗೆಯನ್ನು ನಂಬಿರಲಿಲ್ಲ. ಆದರೂ ಆ ಎಲೆಯನ್ನು ಮಡಚುವ ಮುಂಚೆ ಇನ್ನೊಮ್ಮೆ ಕಂಬದ ಕಡೆ ನೋಡಿದೆ.

ಗರಾಜಿನಲ್ಲಿ ಸ್ಯಾಡಲ್ ತೂಗುಹಾಕಿದಂತೆಯೇ ಇತ್ತು. ಮಾರಿಕೊಡಲೇ ಎಂದು ಡೇಲ್ ಕೇಳಲು ಬಂದ. ಅವರು ನೋಡಿಟ್ಟ ಮರದಲ್ಲಿ ಒಂದು ಸಲ ಕೂತು ಬರಬೇಕು, ಆಮೇಲೆ ಮಾರೋಣ ಎಂದೆ. ಅವನು ನಗಲಿಲ್ಲ. ಮುಂದಿನ ವರ್ಷವಿಡೀ ಬಿಡುವಾದಾಗ ಬಂದು ಅದೇ ಮೇಪಲ್ ಮರದಲ್ಲಿ ನನಗೆ ಕಲಿಸಿದ. ಪಟ್ಟಿಯನ್ನು ನನ್ನ ಅಳತೆಗೆ ಬಿಗಿದ. ನಾನೂ ಎರಡು ಸಲ ಜಗ್ಗಿಯೇ ಒರಗುತ್ತಿದ್ದೆ.

ಅಕ್ಟೋಬರಿನ ಒಂದು ಮಧ್ಯಾಹ್ನ ಹೋದೆವು. ನನ್ನ ಕೈಯಲ್ಲಿ ಬಿಲ್ಲಿರಲಿಲ್ಲ, ಕೊಲ್ಲುವ ಮನಸ್ಸೂ ಇರಲಿಲ್ಲ. ನಾನು ಹತ್ತಿ ಕೂತದ್ದನ್ನು ನೋಡಿ, ಹಗ್ಗ ಸರಿಯಾಗಿದೆ ಎಂದು ಖಾತ್ರಿ ಮಾಡಿಕೊಂಡು, ಡೇಲ್ ನನ್ನ ಮಾತು ಕೇಳುವಷ್ಟು ಹತ್ತಿರದ ಇನ್ನೊಂದು ಮರಕ್ಕೆ ಹೋದ. ಕದಲಬಾರದು, ಮಾತಾಡಬಾರದು ಎಂದಿದ್ದ. ಗಾಳಿ ಇರಲಿಲ್ಲ. ಒಣಗಿದ ಎಲೆಯೂ ಅಲ್ಲಾಡುತ್ತಿರಲಿಲ್ಲ. ಬಿಸಿಲು ಕಾಂಡಗಳ ಬುಡದಿಂದ ಮೇಲಕ್ಕೆ ಸರಿಯುತ್ತಿತ್ತು. ಇಲ್ಲಿ ಅವರಿರಬೇಕಿತ್ತು ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

ಆಗ ಹಗ್ಗ ಜಗ್ಗಿತು. ಮೇಲಿನಿಂದ, ಕಾಂಡದ ಕಡೆಯಿಂದ. ನನ್ನ ಸೊಂಟಕ್ಕೆ ಸ್ಪಷ್ಟವಾಗಿ ಗೊತ್ತಾಯಿತು. ಉಸಿರು ಹಿಡಿದಷ್ಟು ಹೊತ್ತು ಬಿಟ್ಟು ಮತ್ತೊಮ್ಮೆ.

ಮೊದಲು ಹೆದರಿದ್ದು ದೆವ್ವಕ್ಕಲ್ಲ, ಬೀಳುತ್ತೇನೆಂದು. ಕಾಂಡವನ್ನು ಅಪ್ಪಿಕೊಂಡು ಕೊಂಡಿ ನೋಡಿದೆ, ಭದ್ರವಾಗಿತ್ತು. ಗಂಟು ನೋಡಿದೆ, ತೊಡೆಯ ಪಟ್ಟಿ ನೋಡಿದೆ, ಕಾಲೂರಲು ಕಾಂಡಕ್ಕೆ ಬಿಗಿದಿದ್ದ ತಟ್ಟೆ ನೋಡಿದೆ. ಅಳಿಲು ಇದ್ದೀತೆಂದು ಮೇಲೆ ನೋಡಿದೆ. ಏನೂ ಇಲ್ಲ. ಎಲ್ಲವೂ ಸರಿಯಿತ್ತು. ಏನಾದರೂ ಕೆಟ್ಟಿದ್ದರೆ, ಎಚ್ಚರಿಸಿದರು ಎಂದಾದರೂ ಅಂದುಕೊಳ್ಳುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮತ್ತೆ ಎರಡು ಸಲ ಜಗ್ಗಿತು. ಆಸ್ಪತ್ರೆಯಲ್ಲಿ ನನ್ನ ಅಂಗೈಯೊಳಗೆ ಆದದ್ದು ಇದೇ ಎಂದು ಆಗ ಹೊಳೆಯಿತು. ನಡುವಿನ ಆ ಬಿಡುವು ಕೂಡ ಅದೇ.

ನಾನು ಮಾತಾಡಬಾರದೆಂಬುದನ್ನು ಮರೆತೆ. ಪಲ್ಲವಿಯ ವಿಷಯವೇ ಎಂದು ಕೇಳಿದೆ. ಅವ್ವನದೇ ಎಂದೆ. ನನ್ನ ಮೇಲೆ ಸಿಟ್ಟಿತ್ತೇ, ನೋವಿತ್ತೇ, ಊರಿಗೆ ಹೋಗಬೇಕೆಂದಿತ್ತೇ, ಎಲ್ಲ ಕೇಳಿದೆ. ಕೆರೆಯ ದಂಡೆಯಲ್ಲಿ ಕೊಟ್ಟ ಮಾತುಗಳನ್ನೆಲ್ಲ ಮತ್ತೊಮ್ಮೆ ಕೊಟ್ಟೆ. ಹಗ್ಗ ಸುಮ್ಮನಿತ್ತು. ಕೆಳಗೆ ನೋಡಿದರೆ ಒಂದು ಹೆಣ್ಣು ಜಿಂಕೆ ನನ್ನ ಮರದ ಬುಡದಲ್ಲೇ ನಿಂತಿತ್ತು. ಯಾವಾಗ ಬಂತೋ ಗೊತ್ತಿಲ್ಲ. ಮನುಷ್ಯರ ದನಿಗೆ ಬಾಲವೆತ್ತಿ ಓಡುವ ಪ್ರಾಣಿ. ಓಡಲಿಲ್ಲ. ಸುತ್ತ ಓಕ್ ಕಾಯಿ ಬಿದ್ದಿದ್ದರೂ ಬಾಯಿ ಹಾಕದೆ ಕಿವಿ ನನ್ನ ಕಡೆ ತಿರುಗಿಸಿ ನಿಂತಿತ್ತು.

ನನ್ನಲ್ಲಿ ಕೇಳುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

"ನನಗ ತಿಳೀವಲ್ದ್ರಿ," ಎಂದೆ. "ಆವತ್ತೂ ತಿಳೀಲಿಲ್ಲ, ಇವತ್ತೂ ತಿಳೀವಲ್ದು."

ಜಿಂಕೆ ತಲೆ ತಗ್ಗಿಸಿ ಒಂದು ಕಾಯಿ ತಿಂದಿತು. ಆಮೇಲೆ ಇನ್ನೊಂದು. ಹೊರಟುಹೋಯಿತು.

ಬೆಳಕಿರುವಾಗಲೇ ಡೇಲ್ ಬಂದು ನನ್ನನ್ನು ಇಳಿಸಿಕೊಂಡ. ಜಿಂಕೆ ಅವನಿಗೂ ಕಂಡಿತ್ತು. ಅಷ್ಟು ಹೊತ್ತು ಅವನ ಕಡೆ ಪಕ್ಕೆ ಮಾಡಿ ನಿಂತದ್ದಕ್ಕೆ ಬಾಣ ಬಿಡಬಹುದಿತ್ತಂತೆ, ಬಿಡಲಾಗಲಿಲ್ಲವಂತೆ. ಯಾರ ಜೊತೆ ಮಾತಾಡುತ್ತಿದ್ದೆ ಎಂದು ಕೇಳಿದ. ಹೇಳಿದೆ. ಅವನು ಹಗ್ಗವನ್ನು ಬೆರಳಿನಿಂದ ಉದ್ದಕ್ಕೂ ತಡವಿ ನೋಡಿದ, ಕಾಂಡದಲ್ಲಿ ಹಗ್ಗ ಕೂತಿದ್ದ ಜಾಗ ನೋಡಿದ, ಸುತ್ತಿ ಚೀಲಕ್ಕೆ ಹಾಕಿದ. ಪಲ್ಲವಿಗೆ ಹೇಳಿದಾಗ, "ಅಮ್ಮಾ, ರೋಪ್ಸ್ ಸ್ಟ್ರೆಚ್," ಭಾರಕ್ಕೆ ಹಗ್ಗ ಹಿಗ್ಗುತ್ತದೆ ಎಂದು ನನ್ನ ಬೆನ್ನು ಸವರಿದಳು. ಇರಬಹುದು. ಆದರೆ ಅದೇ ಹಗ್ಗದಲ್ಲಿ ಎಷ್ಟೋ ಸಂಜೆ ಜೋತುಬಿದ್ದವಳು ನಾನು, ಅದು ಹಾಗೆ ಜಗ್ಗಿದ್ದಿಲ್ಲ. ಎಡೆಗೆ ಇಳಿಯದ ಆ ಕಾಗೆ ನೆನಪಾಗುತ್ತದೆ, ಆದರೆ ಕಾಯಿ ತಿನ್ನುವುದು ಜಿಂಕೆಯ ಸ್ವಭಾವ ಎಂದೂ ನನಗೆ ಗೊತ್ತು.

ಇದಾಗಿ ಕೆಲವು ವರ್ಷಗಳಾದವು. ಕಡಿಮೆ ಖರ್ಚಿನಲ್ಲಿ ಬೇಟೆ ಕಲಿಯಬೇಕೆಂದಿರುವ ಒಬ್ಬಿಬ್ಬರು ನಮ್ಮ ಕನ್ನಡದವರೇ ಸ್ಯಾಡಲ್, ಮೆಟ್ಟಿಲು ಕೇಳಿದರು. ಮೆಟ್ಟಿಲುಗಳನ್ನು ಕೊಟ್ಟೆ, ಸ್ಯಾಡಲ್ ಕೊಡಲಿಲ್ಲ. ಎಲೆ ಕೆಂಪಾಗುವ ಹೊತ್ತಿಗೆ ಅಂಗಡಿಯಿಂದ ಬಂದು ಹಿತ್ತಲಿನ ಮೇಪಲ್ ಮರಕ್ಕೆ ಕಟ್ಟಿಕೊಂಡು, ನೆಲದಿಂದ ಮೊಳದಷ್ಟು ಮೇಲೆ, ಒರಗಿ ಕೂರುತ್ತೇನೆ. ಹಗ್ಗ ಮತ್ತೆ ಜಗ್ಗಿಲ್ಲ. ಕತ್ತಲಾಗುವ ಮುಂಚೆ ನಾನೇ ಕೈಯೆತ್ತಿ ಎರಡು ಸಲ ಜಗ್ಗುತ್ತೇನೆ, ನಡುವೆ ಉಸಿರು ಹಿಡಿದು. ಹಾಗೆಂದರೇನು ಎಂದು ಯಾರಾದರೂ ಕೇಳಿದರೆ ನನಗೂ ಹೇಳಲು ಬರುವುದಿಲ್ಲ.