ಜವರಯ್ಯ ಭಾವನ ಕಾಡು ಷವರ್

ನಮ್ಮ ಭಾವ ಜವರಯ್ಯನವರಿಗೆ ಒಂದು ಕಾಯಿಲೆ. ಯಾವ ವಸ್ತುವನ್ನೂ ಅದಕ್ಕೆ ಗೊತ್ತಾದ ಕೆಲಸಕ್ಕೆ ಅವರು ಬಳಸಿದ್ದಿಲ್ಲ. ಮಾದಿಹಳ್ಳಿಯ ಅವರ ಮನೆಯಲ್ಲಿ ಕೊಡೆಯ ಕಡ್ಡಿ ಟೀವಿಗೆ ಆಂಟೆನಾ ಆಗಿತ್ತು, ಒಡೆದ ಹೆಲ್ಮೆಟ್ಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು, ಮೊಪೆಡ್ಡಿನ ಬ್ರೇಕ್ ವೈರಿನ ಮೇಲೆ ಬಟ್ಟೆ ಒಣಗುತ್ತಿತ್ತು. ಮೊಪೆಡ್ಡಿಗೆ ಬ್ರೇಕ್ ಎಲ್ಲಿ ಅಂತ ಕೇಳಿದರೆ ತಮ್ಮ ಎರಡು ಕಾಲು ತೋರಿಸುತ್ತಿದ್ದರು. ನಾನು ದೇವರಾಜ್, ಅವರ ಹೆಂಡತಿ ಮಾದಮ್ಮನ ಒಡಹುಟ್ಟಿದ ತಮ್ಮ. ಭಾವನನ್ನು ಆಡಿಕೊಳ್ಳುವುದು ಭಾಮೈದನ ಹಕ್ಕು. ಮೂವತ್ತೆಂಟು ವರ್ಷದಿಂದ ಆ ಹಕ್ಕನ್ನು ನಾನು ಒಂದು ದಿನವೂ ಬಿಟ್ಟುಕೊಟ್ಟಿಲ್ಲ.

ಮಗ ಮಧುಕುಮಾರ್ ತೋಟ ನೋಡಿಕೊಳ್ಳತೊಡಗಿದ ಮೇಲೆ ಭಾವನಿಗೆ ಮನೆಯಲ್ಲಿ ಕೈಕಟ್ಟಿ ಕೂರಲಾಗಲಿಲ್ಲ. ಗೆಂಡೆಹಳ್ಳಿಯಾಚೆ, ಕಾಡಿಗೆ ಅಂಟಿಕೊಂಡ ಒಂದು ಶ್ರೀಗಂಧದ ತೋಪಿಗೆ ಕಾವಲಿಗೆ ಹೋದರು. ಅಲ್ಲಿ ಒಂದು ತಗಡಿನ ಶೆಡ್ಡು, ಒಂದು ಬೋರ್‌ವೆಲ್, ಮಿಕ್ಕಿದ್ದೆಲ್ಲ ಮರ. ಮೂರು ತಿಂಗಳಾದರೂ ಅಕ್ಕ ಅಲ್ಲಿಗೆ ಕಾಲಿಡಲಿಲ್ಲ. ಅವಳಿಗೆ ಚಿರತೆಯ ಭಯವೂ ಇರಲಿಲ್ಲ, ಹಾವಿನ ಭಯವೂ ಇರಲಿಲ್ಲ. ಇದ್ದದ್ದು ಬಿಸಿನೀರಿನ ಚಿಂತೆ.

ಅಕ್ಕ ಹುಯ್ದುಕೊಳ್ಳುವ ನೀರಿಗೆ ಕೋಳಿ ಅದ್ದಿದರೆ ಪುಕ್ಕ ತಾನಾಗಿ ಕಿತ್ತು ಬರುತ್ತದೆ. ಹೋದ ವರ್ಷ ಅವಳ ಎರಡೂ ಹೆಗಲು ಹಿಡಿದುಕೊಂಡು, ಚೊಂಬನ್ನು ತಲೆಯ ಮೇಲಕ್ಕೆತ್ತಲು ಆಗದೇ ಹೋಯಿತು. ಮಧು ಬಚ್ಚಲಿಗೆ ಗೀಸರು, ಷವರು ಹಾಕಿಸಿಕೊಟ್ಟ. ಅಂದಿನಿಂದ ಅವಳು ಬೆಳಗ್ಗೆ ಮೊದಲು ಷವರಿಗೆ ನಮಸ್ಕಾರ ಹಾಕಿ, ಆಮೇಲೆ ದೇವರ ಕಡೆ ತಿರುಗುತ್ತಿದ್ದಳು. ಭಾವ ದಿನಾ ಫೋನಿನಲ್ಲಿ ಕರೆದು ಕರೆದು ಸಾಕಾಗಿ, ಕೊನೆಗೆ "ಇಲ್ಲೂ ಷವರ್ ಐತೆ, ಬಿಸಿನೀರೇ ಬತ್ತದೆ, ಬಾರಮ್ಮಿ" ಅಂದುಬಿಟ್ಟರು. ಅದು ಹಸಿ ಸುಳ್ಳು.

ಶನಿವಾರ ನಾನೇ ಅಕ್ಕನನ್ನು ಕರೆದುಕೊಂಡು ಹೋದೆ. ಅವಳ ಷರತ್ತು ಖಡಾಖಂಡಿತ. "ಮಂಗಳವಾರದ ತನ್ಕ ನೋಡ್ತೀನಿ. ಬಿಸಿನೀರು ಸರಿಗಿದ್ರೆ ಇರ್ತೀನಿ. ಇಲ್ದಿದ್ರೆ ಹತ್ತು ಗಂಟೆ ಬಸ್ಸಿಗೆ ದೇವನ ಜೊತೆ ಹೊಂಟೆ."

ಭಾವ ನನ್ನನ್ನು ಶೆಡ್ಡಿನ ಹಿಂದಕ್ಕೆ ಎಳೆದುಕೊಂಡು ಹೋದರು. ನಗೆಚಾಟಿಕೆ ಮಾಡುವವರ ಮುಖ ಆಗಿರಲಿಲ್ಲ ಅದು.

"ದೇವ, ಒಂದು ವಾರಾನಾದ್ರೂ ಅವ್ಳು ಇರ್ಲಿ ಕಣ್ಲಾ. ಮೊನ್ನೆ ನಾನು ಗಂಧದ ಗಿಡದ ಹತ್ರ ಸಾರಿಗೆ ಉಪ್ಪು ಸಾಕಾ ಅಂತ ಕೇಳ್ತಾ ನಿಂತಿದ್ದೆ. ಒಬ್ನೇ ಇರಕ್ಕಾಯ್ತಿಲ್ಲ."

ಉಪಾಯ ಹೇಳುವುದು ನನ್ನ ಕೆಲಸ ಅಂತ ಹೇಳಿದೆ: "ಭಾವ, ಒಲೆ ಮೇಲೆ ನೀರು ಕಾಯ್ಸಿ, ನೀವೇ ಅಕ್ಕನಿಗೆ ಉಯ್ರಿ. ಮುಗೀತು."

ಭಾವ ಬೆಚ್ಚಿಬಿದ್ದರು. ಅವರ ಮನೆಯಲ್ಲಿ ಹೆಂಗಸರು ಗಂಡಸರ ಬೆನ್ನು ಉಜ್ಜಿ ನೀರು ಹುಯ್ಯುತ್ತಾರೆ. ಅದು ತಿರುಗುಮುರುಗಾದದ್ದನ್ನು ಯಾರೂ ಕಂಡಿಲ್ಲ. "ಥೂ! ಗಂಡ್ಸು ಹೋಗಿ ಹೆಂಡ್ತಿಗೆ ನೀರು ಉಯ್ಯದಾ? ನೋಡ್ದೋರು ಏನಂದಾರು?"

ನಾನು ಸುತ್ತ ನೋಡಿದೆ. ನೋಡುವವರು ಅಂತ ಇದ್ದದ್ದು ಹುಣಸೆ ಮರದ ಮೇಲಿನ ಎರಡು ಕೋತಿ.

ಭಾನುವಾರ ಭಾವ ಕೆಲಸಕ್ಕೆ ಇಳಿದರು. ಶೆಡ್ಡಿನಲ್ಲಿ ಸುರುಳಿ ಸುತ್ತಿಟ್ಟಿದ್ದ ಹನಿ ನೀರಾವರಿಯ ಕಪ್ಪು ಪೈಪನ್ನು ಬಂಡೆಯ ಮೇಲೆ ಬಿಸಿಲಿಗೆ ಹಾವಿನ ಹಾಗೆ ಹಾಸಿದರು. ಮೇಲುಗಡೆ ಅಟ್ಟಣೆಯ ಮೇಲೆ ನೀರಿನ ಡ್ರಮ್ಮು. ಕೆಳಗಡೆ ತೆಂಗಿನ ಗರಿಯ ತಟ್ಟಿ ಕಟ್ಟಿದ ಬಚ್ಚಲು, ಅದರ ಮೇಲೆ ಮೊಳೆಯಲ್ಲಿ ತೂತು ಹೊಡೆದ ಎಣ್ಣೆ ಡಬ್ಬ. ಮಧ್ಯಾಹ್ನಕ್ಕೆ ಪೈಪು ಮುಟ್ಟಿದರೆ ಸುಡುತ್ತಿತ್ತು. ಭಾವ ಜಂಬದಿಂದ ನಲ್ಲಿ ತಿರುಗಿಸಿದರು. ಡಬ್ಬದಿಂದ ಒಂದು ತೊಟ್ಟೂ ಬೀಳಲಿಲ್ಲ.

"ಬಂಡೆ ಇಳಿಜಾರು ಸರಿ ಇಲ್ಲ," ಅಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಬಂಡೆಯ ಕಡೆ ಬೆರಳು ತೋರಿಸಿದೆ. ಹನಿ ನೀರಾವರಿಯ ಪೈಪಿಗೆ ಒಂದೂವರೆ ಅಡಿಗೊಂದು ತೂತು ಇರುತ್ತದೆ ಅನ್ನುವುದನ್ನು, ಹತ್ತು ವರ್ಷ ಅದೇ ಪೈಪಿನಲ್ಲಿ ಟೊಮೆಟೊ ಬೆಳೆದ ಮನುಷ್ಯ ಮರೆತಿದ್ದರು. ಬಂಡೆ ತುಂಬ ಬಿಸಿನೀರು ತೊಟ್ಟಿಕ್ಕುತ್ತಿತ್ತು. ಕೋತಿಗಳೆರಡೂ ಇಳಿದು ಬಂದು ಕೈ ಒದ್ದೆ ಮಾಡಿಕೊಂಡು ಮುಖ ಒರೆಸಿಕೊಂಡವು.

ಅಕ್ಕ ಟವೆಲ್ ಹೆಗಲಿಗೆ ಹಾಕಿಕೊಂಡು ನಿಂತಿದ್ದಳು. "ಅವುಕ್ಕಾದ್ರೂ ಸ್ನಾನ ಆಯ್ತಲ್ಲ," ಅಂದು ಒಳಗೆ ಹೋದಳು.

ಆವತ್ತು ಸಂಜೆಯವರೆಗೂ, ಮಾರನೇ ದಿನ ಬೆಳಗ್ಗೆಯೂ ನಾನು ಮತ್ತು ಭಾವ ಹಳೇ ಸೈಕಲ್ ಟ್ಯೂಬು ಕತ್ತರಿಸಿ ತೂತಿಗೆಲ್ಲ ಪಟ್ಟಿ ಕಟ್ಟಿದೆವು. ನನ್ನ ಬೆರಳು ಊದಿಕೊಂಡವು. ಸೋಮವಾರ ಮಧ್ಯಾಹ್ನ ನೀರು ಬಂತು ನೋಡಿ, ಹೊಗೆಯಾಡುವಂಥ ನೀರು! ತಟ್ಟಿಯ ಒಳಗಿಂದ ಅಕ್ಕ "ಹಾ, ಇದು ನೀರು ಅಂದ್ರೆ!" ಅಂದಳು. ಭಾವ ನನ್ನ ಬೆನ್ನಿಗೆ ಗುದ್ದಿದರು. ಅಷ್ಟರಲ್ಲಿ ಒಳಗಿಂದ ಕಿಟಾರನೆ ಕೂಗು ಕೇಳಿತು. ಪೈಪಿನಲ್ಲಿದ್ದ ಒಂದು ಬಕೆಟ್ ಬಿಸಿನೀರು ಮುಗಿದು, ಡ್ರಮ್ಮಿನ ತಣ್ಣೀರು ಇಳಿದಿತ್ತು. ಅಕ್ಕ ಅರ್ಧ ಮೈ ಸೋಪಿನಲ್ಲೇ ಸೀರೆ ಸುತ್ತಿಕೊಂಡು ಹೊರಗೆ ಬಂದು, ಗಂಡನ ಮುಖ ನೋಡದೆ ನನಗೆ ಹೇಳಿದಳು: "ಬೆಳಗ್ಗೆ ಬಸ್ಸು ಹತ್ತಕ್ಕಲ್ವೇನ್ಲಾ?"

ಮಂಗಳವಾರ ಬೆಳಗಾಗುತ್ತಲೇ ಭಾವ ಕೊನೆಯ ಪ್ರಯತ್ನಕ್ಕೆ ಕೈಹಾಕಿದರು. ಕಬ್ಬಿಣದ ಡ್ರಮ್ಮೊಂದನ್ನು ಬಂಡೆಯ ಮೇಲೆ ಮೂರು ಕಲ್ಲಿಟ್ಟು ಕೂರಿಸಿ, ಅಡಿಗೆ ತೆಂಗಿನ ಮಟ್ಟೆ ಒಟ್ಟಿ ಬೆಂಕಿ ಹಾಕಿದರು. ಡ್ರಮ್ಮಿನ ಬುಡಕ್ಕೆ ತೂತು, ತೂತಿಗೆ ಅದೇ ಪೈಪು.

"ಭಾವ, ಬೆಂಕಿ ಪಕ್ಕದಲ್ಲಿ ಪ್ಲಾಸ್ಟಿಕ್ಕು..."

"ನಿಂಗೇನ್ ಗೊತ್ತು? ನೀರಿರೋ ಪೈಪು ಸುಡಕಿಲ್ಲ ಕಣ್ಲಾ!"

ಅಕ್ಕನ ಬ್ಯಾಗು ಆಗಲೇ ನನ್ನ ಕೈಯಲ್ಲಿತ್ತು. ಹೇಗೂ ಹೊರಡುವುದು, ತಲೆಗೆ ಒಂದಿಷ್ಟು ನೀರು ಬಿದ್ದರೆ ಬೀಳಲಿ ಅಂತ ಅವಳು ತಲೆಗೆ ಸೀಗೆಪುಡಿ ಹಚ್ಚಿಕೊಂಡು ತಟ್ಟಿಯೊಳಗೆ ಕೂತಳು. ನೀರು ಇಳಿಯಿತು, ಚೆನ್ನಾಗಿಯೇ ಇಳಿಯಿತು. ಆಮೇಲೆ ಬಂಡೆಯ ಮೇಲೆ ಪೈಪು ಮೆತ್ತಗಾಗಿ, ಜೋತು, ಕಳಚಿ ಬಿತ್ತು. ಡ್ರಮ್ಮಿನ ನೀರು ಬೆಂಕಿಗೆ ಸುರಿದು ಬೂದಿ ಮುಗಿಲಿಗೆದ್ದಿತು. ಭಾವ ತಲೆಗೆ ಸುತ್ತಿದ್ದ ಟವೆಲನ್ನು ತೂತಿಗೆ ತುರುಕಿ ಅರ್ಧ ಡ್ರಮ್ಮು ಉಳಿಸಿಕೊಂಡರು. ತಟ್ಟಿಯೊಳಗೆ ಅಕ್ಕನ ಕಣ್ಣಿಗೆ ಸೀಗೆಪುಡಿ ಇಳಿದಿತ್ತು.

"ಅಯ್ಯೋ, ಕಣ್ಣು ಉರ್ದೋಯ್ತದೆ! ಯಾರಾದ್ರೂ ನೀರು ಉಯ್ರೋ!"

ಭಾವ ಒಂದು ಗಳಿಗೆ ನಿಂತರು. ಹುಣಸೆ ಮರದ ಕಡೆ ನೋಡಿದರು, ನನ್ನ ಕಡೆ ನೋಡಿದರು. ಆಮೇಲೆ ಡ್ರಮ್ಮಿನಿಂದ ಬಕೆಟ್ಟಿಗೆ ನೀರು ಮೊಗೆದು, ಚೊಂಬು ಹಿಡಿದು ತಟ್ಟಿಯೊಳಗೆ ನುಗ್ಗಿದರು. ನಾನು ಬೆನ್ನು ತಿರುಗಿಸಿದೆ, ಆದರೆ ಕಿವಿ ಮುಚ್ಚಿಕೊಳ್ಳಲಿಲ್ಲ.

"ನೀವ್ಯಾಕ್ರೀ ಬಂದ್ರಿ? ಹೋಗ್ರಿ ಆಚೆಗೆ!"

"ಸುಮ್ಕೆ ಬಗ್ಗು. ಕಿವಿಗೆ ಹೋಯ್ತದೆ."

ನೀರು ಬಿದ್ದ ಸದ್ದು. ಇನ್ನೊಂದು ಚೊಂಬು. ಮತ್ತೊಂದು.

"ಸುಡ್ತದಾ?"

ಅಕ್ಕನ ದನಿ, ನಾನು ಯಾವತ್ತೂ ಕೇಳಿರದಷ್ಟು ಮೆತ್ತಗೆ: "ಇಲ್ಲ. ಇನ್ನೊಸಿ ಬಿಸಿ ಬೆರ್ಸಿ."

ನನಗೆ ಅಲ್ಲಿ ನಿಲ್ಲಲು ನಾಚಿಕೆಯಾಗಿ ರಸ್ತೆಗೆ ನಡೆದೆ. ಬಸ್ಸು ಬಂತು. "ಇನ್ನೊಬ್ರು ಬರ್ಬೇಕು" ಅಂತ ಕಂಡಕ್ಟರಿಗೆ ಹೇಳಿ, ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟುಕೊಂಡು ಕಾದೆ. ಕಂಡಕ್ಟರು ಎರಡು ಸಲ ಶಿಳ್ಳೆ ಊದಿದ. ಕಾಲುದಾರಿಯಲ್ಲಿ ಯಾರೂ ಕಾಣಲಿಲ್ಲ. ಹತ್ತಿ ಕೂತೆ. ಬೇಲೂರಿನಲ್ಲಿ ಇಳಿದಾಗಲೇ ಅಕ್ಕನ ಬ್ಯಾಗು ನನ್ನ ತೊಡೆಯ ಮೇಲಿರುವುದು ಗೊತ್ತಾದದ್ದು. ಅವಳ ಸೀರೆಗಳೆಲ್ಲ ಅದರಲ್ಲಿ!

ಗಾಬರಿಯಾಗಿ ಫೋನು ಮಾಡಿದೆ. ಅಕ್ಕನೇ ಎತ್ತಿದಳು.

"ಇರ್ಲಿ ಬುಡ್ಲಾ, ಇವ್ರ ಪಂಚೆ ಸುತ್ಕಂಡಿವ್ನಿ. ನಿಧಾನಕ್ಕೆ ಕಳ್ಸು."

"ಬಸ್ಸಿಗೆ ಬರ್ಲೇ ಇಲ್ವಲ್ಲಕ್ಕ? ಷವರ್ ಕೆಟ್ಟೋಯ್ತಲ್ಲ?"

"ಕೆಟ್ಟೋಗ್ಲಿ. ಅತ್ತೆ, ಮಾವ, ಮಕ್ಳು, ಇವ್ರು, ಮೂವತ್ತೆಂಟು ವರ್ಷ ಎಲ್ರಿಗೂ ನಾನೇ ಉಯ್ದೆ ದೇವ. ನನ್ ತಲೆ ಮೇಲೆ ಒಬ್ರು ನೀರು ಉಯ್ದಿದ್ದು ಇವತ್ತೇಯ."